ಬೈಯಲು ಸಿಗುವವರ ಹಾಲು

ನಮ್ಮ ಸೋದರತ್ತೆ ಈವರೆಗೆ ಉಂಡ ಅನ್ನಕ್ಕಿಂತ ಆ ಅನ್ನ ಬೆಳೆದವರನ್ನು ಬೈದದ್ದೇ ಹೆಚ್ಚು! ಹಾಗೆಂದು ಅವರು ಕೆಟ್ಟವರೆಂದುಕೊಳ್ಳಬೇಡಿ. ಬೈಗುಳ ಅವರ ಪಥ್ಯದ ಒಂದು ಭಾಗ, ಅಷ್ಟೆ. ಕೆಲವರು ಎಣ್ಣೆ ತಿನ್ನುವುದಿಲ್ಲ, ಕೆಲವರು ಸಕ್ಕರೆ ಮುಟ್ಟುವುದಿಲ್ಲ. ನಮ್ಮತ್ತೆ, ಬೈಯಲು ಕೈಗೆ ಸಿಗದವರ ಪದಾರ್ಥ ಮುಟ್ಟುವುದಿಲ್ಲ.

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಒಂದು ಹಸು ಕಟ್ಟಿಕೊಂಡಿರುವ ಅತ್ತೆಗೆ ತಾನು ತಿನ್ನುವ ಪ್ರತಿಯೊಂದರ ಹಿಂದೆಯೂ ಒಂದು ಮುಖ ಕಾಣಬೇಕು. ಬೆಲ್ಲ ಪಾಲಹಳ್ಳಿಯ ಆಲೆಮನೆಯದು. ಅಚ್ಚು ಅನುಮಾನ ಬರುವಷ್ಟು ಬೆಳ್ಳಗಿದ್ದರೆ ಬಸ್ಸು ಹತ್ತಿ ಹೋಗಿ, ಆಲೆಮನೆಯವನನ್ನು ಮನಸಾರೆ ಬೈದು, ಅಲ್ಲೇ ಒಂದು ಲೋಟ ಕಬ್ಬಿನ ಹಾಲು ಕುಡಿದು ಬರುತ್ತಾರೆ. ಹುರುಳಿ ನಾಗಮಂಗಲದ ನೆಂಟರ ಹೊಲದ್ದು. ಅದರಲ್ಲಿ ಕಲ್ಲು ಸಿಕ್ಕಿತೋ, ಮುಂದಿನ ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆಯೇ ಆ ನೆಂಟರಿಗೆ ಮಂಗಳಾರತಿ!

ಇಂಥ ಅತ್ತೆಯನ್ನು ಒಮ್ಮೆ ಮಂಡ್ಯದಲ್ಲಿ ಹೊಸದಾಗಿ ತೆರೆದಿದ್ದ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆಲ್ಲ ಏಸಿ, ಬಾಗಿಲಲ್ಲಿ ತಳ್ಳುಗಾಡಿ. ಅತ್ತೆ ರಾಗಿಹಿಟ್ಟಿನ ಪಾಕೀಟು ಹಿಡಿದು ಸಮವಸ್ತ್ರದ ಹುಡುಗಿಯೊಬ್ಬಳನ್ನು ತಡೆದರು.

“ಇದ್ಯಾರ ರಾಗಿ ಮಗಾ?”

“ಕಂಪ್ನಿದು ಅಜ್ಜಿ.”

“ಕಂಪ್ನಿ ಯಾವೂರೋನು?”

ಹುಡುಗಿ ನನ್ನ ಮುಖ ನೋಡಿದಳು. ನಾನು ಸೋಪುಗಳನ್ನು ನೋಡಿದೆ.

“ಅಲ್ಲ ಕಣವ್ವಾ, ನಾಳೀಕೆ ಮುದ್ದೇಲಿ ಕಲ್ಲು ಸಿಕ್ರೆ ಯಾರ ಮನೆ ಬಾಗ್ಲಿಗೋಗಿ ಬೈಲಿ?”

“ಪಾಕೀಟ್ ಮೇಲೆ ಫೋನ್ ನಂಬರ್ ಅದೆ ಅಜ್ಜಿ.”

ಅತ್ತೆ ಬಿಡುತ್ತಾರೆಯೇ? ಅಲ್ಲೇ ನನ್ನ ಮೊಬೈಲಿನಿಂದ ಫೋನು ಮಾಡಿಸಿದರು. ಅದು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. ಆಮೇಲೆ ಸಂಗೀತ ಶುರುವಾಯಿತು. ಅತ್ತೆ ಸ್ವಲ್ಪ ಹೊತ್ತು ಕೇಳಿ ಫೋನನ್ನು ನನ್ನ ಕೈಗೆ ಕೊಟ್ಟರು. “ಬೈಯಕ್ ಬಂದೋರ್ಗೆ ಪದ ಯೋಳ್ತನಲ್ಲಾ ಇವ್ನು!”

ಅತ್ತೆಯ ಸಿದ್ಧಾಂತಕ್ಕೆ ಹೇಳಿ ಮಾಡಿಸಿದಂತಿರುವುದು ಊರಿನ ಹಾಲಿನ ಸಂಘ. ಅಲ್ಲಿ ಎರಡು ಹೊತ್ತೂ ಹಾಲು ಹಾಕಬಹುದು, ಎರಡು ಹೊತ್ತೂ ಸೆಕ್ರೆಟರಿಯನ್ನು ಬೈಯಬಹುದು. ಅಧ್ಯಕ್ಷರನ್ನು ದಾರಿಯಲ್ಲಿ ನಿಲ್ಲಿಸಿ ಬೈಯಬಹುದು. ವಾರ್ಷಿಕ ಸಭೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಬೈದು, ಖಾರಾಬೂಂದಿ ತಿಂದು ಮನೆಗೆ ಬರಬಹುದು. ಇಷ್ಟು ಸೌಲಭ್ಯ ಇನ್ನೆಲ್ಲಿದೆ ಹೇಳಿ? ಖಾಸಗಿಯವರ ಹಾಲಿನ ಗಾಡಿ ಮನೆ ಬಾಗಿಲಿಗೇ ಬಂದು ಹೆಚ್ಚು ಬೆಲೆ ಕೊಡುತ್ತೇವೆ ಎಂದಾಗ ಅತ್ತೆ ಕೇಳಿದ್ದು ಒಂದೇ ಮಾತು: “ನಿಮ್ ಮಾಲೀಕ್ರು ಕೈಗ್ ಸಿಕ್ತಾರಾ?” ಡ್ರೈವರು ತಲೆ ಕೆರೆದುಕೊಂಡ. “ಅಂಗಾರೆ ಒಂಟೋಗು” ಎಂದು ಬಾಗಿಲು ಹಾಕಿಕೊಂಡರು.

ಆದರೆ ಆ ಸಂಘದ ಸಾಲಿನಲ್ಲೇ ಅತ್ತೆಗೊಬ್ಬ ವೈರಿ ಹುಟ್ಟಿಕೊಂಡರು: ಪಕ್ಕದ ಮನೆಯಾಕೆ. ಒಂದು ಬೆಳಿಗ್ಗೆ ಲ್ಯಾಕ್ಟೋಮೀಟರಿನಲ್ಲಿ ಅತ್ತೆಯ ಹಾಲಿಗೆ ಡಿಗ್ರಿ ಕಡಿಮೆ ಬಂತು. ಹಿಂದೆ ನಿಂತಿದ್ದ ಆಕೆ ಸುಮ್ಮನಿರದೆ, “ಬೋರ್‌ವೆಲ್ ಎಲ್ ಕೊರ್ಸಿದ್ದೀಯಕ್ಕಾ, ಅಸೀನ ಒಟ್ಟೇಲಾ?” ಎಂದುಬಿಟ್ಟರು. ಸಾಲಿಗೆ ಸಾಲೇ ನಕ್ಕಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬೈಗುಳವೂ ಇಲ್ಲ! ನಮ್ಮತ್ತೆ ಒಬ್ಬರನ್ನು ಬೈಯುವುದು ನಿಲ್ಲಿಸಿದರೆಂದರೆ ವಿಷಯ ಕೈಮೀರಿದೆ ಎಂದೇ ಅರ್ಥ. ಹಾಲಿನ ಕ್ಯಾನು ಒಂಚೂರು ಸರಿಸಬೇಕಾದರೂ, “ಸೆಕ್ರೆಟ್ರಿ, ಇಂದ್ಗಡೆಯೋರ್ಗೆ ಒಸಿ ಯೋಳಪ್ಪ” ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಕ್ಕಳಿಲ್ಲದ ಅತ್ತೆಗೆ ನಾನೇ ಮಗ. ಹಸುವನ್ನು ಸೆಕ್ರೆಟರಿಗೆ ಒಪ್ಪಿಸಿ ಆಸ್ಪತ್ರೆಯಲ್ಲಿ ಕೂತೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು! ಕ್ಯಾಂಟೀನಿನ ಇಡ್ಲಿಯನ್ನು ಅತ್ತೆ ಕಣ್ಣೆತ್ತಿಯೂ ನೋಡಲಿಲ್ಲ. ಬೈಯಲು ಅನುಕೂಲವಾಗಲೆಂದು ಅಡುಗೆಯವನನ್ನೇ ಹಾಸಿಗೆಯ ಹತ್ತಿರ ಕರೆತಂದೆ. ಅವನು ಕೆ.ಆರ್. ಪೇಟೆ ಕಡೆಯವನೆಂದು ಗೊತ್ತಾದಾಗ ಅತ್ತೆಯ ಮುಖ ಅರಳಿತು. ಅಷ್ಟರಲ್ಲಿ ಆ ಪುಣ್ಯಾತ್ಮ, “ನಾನು ಬರೀ ಬೇಯ್ಸೋದು ಕಣವ್ವ, ಇಟ್ಟು ಪಾಕೀಟಲ್ಲಿ ಬತ್ತದೆ” ಎಂದುಬಿಟ್ಟ! ಮತ್ತೆ ಉಪವಾಸ.

ಬಾಬುರಾಯನಕೊಪ್ಪಲಿನ ನಮ್ಮ ಮನೆಯಿಂದ ಮಧ್ಯಾಹ್ನ ಬರುತ್ತಿದ್ದ ಡಬ್ಬಿಯಲ್ಲಿ ಒಂದೆರಡು ತುತ್ತು ಉಂಡರೆ ಅದೇ ಹೆಚ್ಚು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೀಗೇ ಆದರೆ ಗಾಯ ಮಾಯುವುದಿಲ್ಲ, ಹಾಲನ್ನಾದರೂ ಕುಡಿಸಿ ಎಂದರು. ಊರನ್ನೇ ನಡುಗಿಸುತ್ತಿದ್ದ ಅತ್ತೆ ಹಾಸಿಗೆಯಲ್ಲಿ ಕಡ್ಡಿಯಂತೆ ಮಲಗಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಓಡಿಹೋಗಿ ಹಾಲಿನ ಪಾಕೀಟು ತಂದು ಕಾಯಿಸಿಕೊಟ್ಟೆ. “ಇದು ಕಂಪ್ನಿದಲ್ಲ ಕಣತ್ತೆ. ನಿಮ್ ಸಂಗದ್ ಆಲೇ ಒಕ್ಕೂಟಕ್ಕೋಗಿ ಪಾಕೀಟಾಗಿರೋದು.”

“ಗೊತ್ತು ಕಣ್ಲಾ. ಅದ್ಕೇ ಬ್ಯಾಡ. ಅವಳ್ ಆಲೂ ಇದ್ರಲ್ಲಿ ಸೇರದೆ.”

“ಸೇರ್ಲಿ ಬುಡತ್ತೆ! ಬೇಕಾರೆ ಅವಳ್ನ ಬೈದ್ಬುಟ್ಟು ಕುಡಿ.”

“ಮಾತ್ ಬುಟ್ಟಿವ್ನಲ್ಲಾ, ಯಂಗ್ ಬೈಲಿ?”

ಈ ತರ್ಕದಲ್ಲಿ ಎಲ್ಲಿ ತಪ್ಪಿದೆ, ನೀವೇ ಹೇಳಿ!

ಮರುದಿನ ಬೆಳಿಗ್ಗೆ ಹಸುವಿನ ಗತಿ ಏನಾಗಿದೆಯೋ ಎಂದು ಊರಿಗೆ ಹೋದೆ. ಅತ್ತೆಯನ್ನು ಬಿಟ್ಟು ಬೇರೆ ಯಾರು ಕೆಚ್ಚಲಿಗೆ ಕೈ ಹಾಕಿದರೂ ಒದೆಯುವ ಹಸು ಅದು. ಕೊಟ್ಟಿಗೆಗೆ ಇಣುಕಿದರೆ, ಅತ್ತೆಯೇ ಕೂತು ಹಾಲು ಕರೆಯುತ್ತಿದ್ದಾರೆ! ಅತ್ತೆ ಹಾಲು ಕರೆಯುವಾಗ ಉಡುವ ಅದೇ ಹಸಿರು ಸೀರೆ, ಅದೇ ಕುಕ್ಕರುಗಾಲು. “ಅತ್ತೆ!” ಎಂದು ಕೂಗಿದೆ. ಆಕೆ ತಿರುಗಿದಾಗ ನೋಡುತ್ತೇನೆ, ಪಕ್ಕದ ಮನೆಯಾಕೆ.

“ಏನ್ ನೋಡೀಯಪ್ಪ? ನಿಮ್ಮತ್ತೆ ಅಸ ನಿಮ್ಮತ್ತೆ ಅಂಗೇ ಆಡ್ತದೆ. ಸೆಕ್ರೆಟ್ರಿಗೂ ಒದೀತು, ನಂಗೂ ಒದೀತು. ಇತ್ಲ ತಂತಿ ಮ್ಯಾಲಿದ್ದ ಅವಳ್ ಸೀರೆ ಉಟ್ಕಂಡ್ ಬಂದೆ, ಸುಮ್ಕೆ ನಿಂತ್ಕತು.”

“ಆಲು?”

“ಅವಳ್ ಎಸ್ರಿಗೇ ಡೈರೀಲಿ ಆಕ್ತಾವ್ನಿ. ಆಲ್ ಆಕ್ದೆ ಸದಸ್ಯತ್ವ ಓಯ್ತು ಅಂದ್ರೆ, ಮೀಟಿಂಗಲ್ಲಿ ಬೈಯೋರ್ ಯಾರಪ್ಪಾ?”

ಆಸ್ಪತ್ರೆಗೆ ವಾಪಸು ಬಂದು ಅದೇ ಒಕ್ಕೂಟದ ಪಾಕೀಟಿನ ಹಾಲಿನ ಲೋಟವನ್ನು ಪಕ್ಕದಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅತ್ತೆ ತಲೆಯನ್ನು ನನ್ನ ಕಡೆ ಹೊರಳಿಸಿ ಕೇಳಿದರು.

“ಯಾವ್ ಸೀರೆ ಉಟ್ಟಿದ್ಲು?”

“ಅಸ್ರು ಸೀರೆ ಕಣತ್ತೆ.”

ಆಸ್ಪತ್ರೆ ಅದುರುವಂಥ ಬೈಗುಳಕ್ಕೆ ನಾನು ಸಜ್ಜಾದೆ. ನೋಡಿದರೆ ಅತ್ತೆಯ ಕಣ್ಣಲ್ಲಿ ನೀರು.

“ಅದು ಬೆನ್ನತ್ರ ಅರ್ದೋಗದೆ ಕಣ್ಲಾ ಮೂದೇವಿ! ಅದ್ನ ಉಟ್ಕಂಡು ಊರ್ನೋರ್ ಮುಂದೆ ಡೈರಿಗ್ ಓಗ್ತಾವ್ಳಾ? ಪೆಟ್ಗೇಲಿ ಒಳ್ಳೊಳ್ಳೆ ಸೀರೆ ಅವೆ. ತೆಗ್ದು ಕೊಡ್ಬಾರ್ದಾಗಿತ್ತಾ?”

ಹಾಗೆಂದವರೇ ಲೋಟಕ್ಕೆ ಕೈ ಚಾಚಿದರು. ಲೋಟವನ್ನು ನಾನೇ ಹಿಡಿದುಕೊಂಡೆ. ಊರೆಲ್ಲ ಸೇರಿದ್ದ ಆ ಹಾಲನ್ನು ಅತ್ತೆ ತಳದ ತನಕ ಕುಡಿದರು.