ಒಂದೇ ಗೋತ್ರದ ಹಾರ್ಡ್ ಡಿಸ್ಕುಗಳು

ನಮ್ಮ ಕಾಕಾ ಹೆಣ್ಣು ನೋಡಲು ಹೋದಾಗ ಒಂದು ಬಶಿ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಒಪ್ಪಿಬಿಟ್ಟಿದ್ದರಂತೆ. ಹಾರ್ಡ್ ಡಿಸ್ಕ್ ಒಪ್ಪಲು ಮಾತ್ರ ಅವರಿಗೆ ತಿಂಗಳೊಪ್ಪತ್ತು ಸಾಲದು!

ಧಾರವಾಡದಿಂದ ನೌಕರಿಗೆಂದು ಮಹಾನಗರಿಗೆ ಬಂದು ಸಯನ್‌ನಲ್ಲಿ ನೆಲೆನಿಂತ ಈ ನನ್ನ ಚಿಕ್ಕಪ್ಪ, ನಿವೃತ್ತರಾದ ಮೇಲೆ ಇಡೀ ಬಳಗದ ಫೋಟೊ, ವಿಡಿಯೊಗಳ ಉಸ್ತುವಾರಿಯನ್ನು ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಆಂಟಾಪ್ ಹಿಲ್‌ನವರ ಮುಂಜಿವೆ, ಬೊರಿವಲಿಯ ನಮ್ಮ ಮನೆಯ ಗೃಹಪ್ರವೇಶ, ಯಾರದೋ ಕೂಸಿನ ಜವಳ, ಎಲ್ಲವೂ ಅವರ ಡಿಸ್ಕಿನೊಳಗೆ. ಮಂದಿ ಡಿಸ್ಕ್ ಕೆಟ್ಟ ಮೇಲೆ ಬದಲಿಸಿದರೆ, ಕಾಕಾ ಅದು ಚೆನ್ನಾಗಿರುವಾಗಲೇ ಬದಲಿಸುತ್ತಾರೆ.

"ಛಲೋ ನಡದದಲ್ಲ ಕಾಕಾ, ಯಾಕ ತಗೀತೀರಿ?" ಎಂದು ನಾನೊಮ್ಮೆ ಕೇಳಿದೆ.

"ನಡಿಯೂವಾಗನ ತಗೀಬೇಕು. ನಿಂತಮ್ಯಾಲೆ ಏನ್ ತಗೀತೀ, ಮಣ್ಣು?"

ಹಾಗಾದರೆ ಅದರ ವಯಸ್ಸಾಯಿತೆಂದು ತಿಳಿಯುವುದು ಹೇಗೆ? ಕೂದಲು ನೆರೆಯುವುದಿಲ್ಲ, ಮಂಡಿ ನೋಯುವುದಿಲ್ಲ! ಕಾಕಾ ಪ್ರತಿ ಡಿಸ್ಕಿಗೂ ಕೊಂಡ ತಾರೀಖಿನ ಚೀಟಿ ಅಂಟಿಸಿದ್ದಾರೆ. ದಿನಾ ಜ್ವರ ನೋಡುವಂತೆ ಅಂಗೈ ಇಟ್ಟು ನೋಡುತ್ತಾರೆ, ಕಿವಿಗೊಟ್ಟು ಸಪ್ಪಳ ಆಲಿಸುತ್ತಾರೆ. ದಸರೆಯ ದಿನ ಬನ್ನಿ ಎಲೆಯ ಬಂಗಾರ ಮೊದಲು ಸಲ್ಲುವುದು ಡಿಸ್ಕುಗಳಿಗೇ. ಹೋದ ವರ್ಷ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಮರಾಠಿ ಆಜಿ ಇದನ್ನು ಕಂಡು, ತಾವೂ ಒಂದೆಲೆ ಡಿಸ್ಕಿನ ಮೇಲಿಟ್ಟು ನಮಸ್ಕಾರ ಮಾಡಿ ಹೋದರು!

ಇತ್ತೀಚೆಗೆ ಹಳೆಯದೊಂದು ಡಿಸ್ಕ್ ಕಟಕಟ ಎನ್ನತೊಡಗಿತು. ಹೊಸದು ಎರಡು ತರಲು ಕಾಕಾ ನನ್ನನ್ನೂ ಹೊರಡಿಸಿದರು. ಸ್ಟೇಷನ್ನಿನ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತುಬಿಟ್ಟರು. ದೊಡ್ಡ ದವಾಖಾನೆಗೆ ಹೋಗಿ ಎದೆಯ ತಪಾಸಣೆ ಮಾಡಿಸಿಕೊಳ್ಳಿ, ತಡಮಾಡಬೇಡಿ ಎಂದು ಡಾಕ್ಟರರು ಆಗಲೇ ಹೇಳಿದ್ದರು. ನೆನಪಿಸಿದರೆ, "ಎದಿ ಬಡಕೊಳ್ಳಿಕ್ಕತ್ತದಲ್ಲ, ಬಡಕೊಳ್ಳಲಿ ಬಿಡು" ಎಂದರು.

ಅಂಗಡಿಯಲ್ಲಿ ಹೊಸ ಪಂಚಾಯಿತಿ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಡಿಸ್ಕ್ ಅವರಿಗೆ ಸುತರಾಂ ಬೇಡ. ಒಟ್ಟಿಗೆ ತಯಾರಾದವು ಒಟ್ಟಿಗೇ ಕೈಕೊಟ್ಟರೆ?

"ಏಕ್ ಗೋತ್ರ ಕಾ ನಹೀಂ ಚಾಹಿಯೇ!" ಎಂದರು ಕಾಕಾ.

ಅಂಗಡಿಯವನು ಕೈಮುಗಿದ. "ಅಂಕಲ್, ಡಿಸ್ಕ್ ಲೇನಾ ಹೈ ಯಾ ಶಾದಿ ಕರಾನಿ ಹೈ?"

ಕೊನೆಗೆ ಎರಡನೆಯದನ್ನು ಎದುರಿನ ಅಂಗಡಿಯಲ್ಲಿ ಬೇರೆ ಕಂಪನಿಯದೇ ಕೊಂಡೆವು. ಮನೆಗೆ ಬಂದವರೇ ಕಾಕಾ ಏದುಸಿರು ಬಿಡುತ್ತ ಹಳೆಯ ಡಿಸ್ಕಿನದೆಲ್ಲ ಹೊಸ ಎರಡಕ್ಕೂ ಕಾಪಿ ಮಾಡಲು ಕುಳಿತರು. ಅವರ ಹೆಂಡತಿ, ನಮ್ಮ ಕಾಕೂ, ನೀರಿನ ತಂಬಿಗೆ ತಂದಿಟ್ಟು ಅಲ್ಲೇ ಕೂತರು.

"ಆತು, ಇನ್ನ ಹಳೇದು ನಿಂತರೂ ಚಿಂತಿಲ್ಲ. ಎರಡು ಕಾಪಿ ಅವ," ಎಂದರು ಕಾಕಾ, ಕಾಪಿ ಮುಗಿದ ಖುಷಿಯಲ್ಲಿ.

"ಡಿಸ್ಕಿಂದು ಅವ ಖರೆ," ಎಂದರು ಕಾಕೂ. "ನಿಮ್ಮದು ನನ್ನ ಹಂತ್ಯಾಕ ಇನ್ನೊಂದು ಕಾಪಿ ಅದ ಏನ್ರಿ?"

ಕಾಕೂ ತುಂಬಿದ ಕಣ್ಣು ಒರೆಸಿಕೊಳ್ಳಲೂ ಇಲ್ಲ. ಕಾಕಾ ಅವರ ಮುಖ ನೋಡಿದರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು:

"ನಾಳೆ ದವಾಖಾನಿ ಎಷ್ಟಕ್ಕ ತಗೀತಾರ?"