ಪರದೆಯ ಮೇಲಿನ ಜಲಪಾತ

ಫೋಟೊ ಸ್ಟುಡಿಯೋದವನ ಸಂಕಟಕ್ಕೆಲ್ಲ ಮೂಲ ಆ ಹಳೇ ಪರದೆ. ಅದರ ಮೇಲೊಂದು ಜಲಪಾತ, ಬುಡದಲ್ಲಿ ಕೆಂಪು ಸೇತುವೆ, ಸೇತುವೆಯ ಕೆಳಗೆ ಜೋಡಿ ಹಂಸ. ಇಪ್ಪತ್ತೆರಡು ವರ್ಷದ ಹಿಂದೆ ಫೋಟೊ ತೆಗೆಸಲು ಬಂದ ಹುಡುಗಿಯೊಬ್ಬಳು, "ಇದು ಗುಡ್ಡದ ಮೇಲಿನ ಜಲಪಾತಾನಾ? ನೋಡಿ ಬರೆದದ್ದಾ?" ಎಂದು ಕೇಳಿದಳು. ಇವನು ಎದೆಯುಬ್ಬಿಸಿ, "ಮತ್ತೆ? ಮೂರು ದಿನ ಅದರ ಮುಂದೇನೇ ಕೂತು ಬರೆದೆ" ಎಂದುಬಿಟ್ಟ. ಗುಡ್ಡದ ರಸ್ತೆ ಎಂದರೆ ಸಾಕು, ಹೊಟ್ಟೆ ತೊಳಸುವ ಆಸಾಮಿ ಇವನು! ಬರೆದದ್ದು ಸ್ಟುಡಿಯೋ ಹಿಂದಿನ ಕೋಣೆಯಲ್ಲಿ, ಮನಸ್ಸಿಗೆ ಬಂದ ಹಾಗೆ. ಹುಡುಗಿ ಕಣ್ಣರಳಿಸಿ ನಕ್ಕಳು, ಆಮೇಲೆ ಹೆಂಡತಿಯಾದಳು. ಸುಳ್ಳೂ ಅವಳ ಜೊತೆಗೇ ಮನೆ ಸೇರಿತು.

ಈಗ ನೋಡಿ, ಮನೆ ಓನರಮ್ಮ ಅದೇ ಜಲಪಾತಕ್ಕೆ ಹೋಗಲು ವ್ಯಾನು ಗೊತ್ತುಮಾಡಿದ್ದಾರೆ. "ಜಾಗ ಕಂಡೋರು ನೀವೊಬ್ಬರೇ, ನೀವು ಬರದಿದ್ರೆ ಹೇಗೆ?" ಎಂದು ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಪಕ್ಕದಂಗಡಿ ಟೈಲರ್, ಅದೇ ಪರದೆಯ ಮುಂದೆ ತೆಗೆಸಿದ್ದ ತನ್ನ ಮದುವೆ ಫೋಟೊ ಬೇರೆ ಹಿಡಿದು ಬಂದಿದ್ದ. "ಇದೇ ಸೇತುವೆ ಮೇಲೆ ನಿಂತು ಇನ್ನೊಂದು ತೆಗೆಸ್ಕೋಬೇಕು ಸಾರ್!"

ದಾರಿಯಲ್ಲಿ ಮೂರು ಸಲ ವಾಂತಿಯಾಯಿತು. ಹೆಂಡತಿ ಬೆನ್ನು ಸವರಿದಳು. ಪಾಪ, ಅವನಿಗೆ ಹೊಟ್ಟೆಯ ಚಿಂತೆಯಲ್ಲ. ಇಷ್ಟು ವರ್ಷ ತನ್ನನ್ನು ನಂಬಿದವಳ ಮುಂದೆ ಇವತ್ತು ಬಂಡವಾಳ ಬಯಲಾಗುತ್ತದಲ್ಲ ಎಂಬ ಭಯ.

ಜಲಪಾತವೇನೋ ಧೋ ಎಂದು ಸುರಿಯುತ್ತಿತ್ತು. ಸುತ್ತ ಬರೀ ಬಂಡೆ.

"ಸೇತುವೆ ಎಲ್ಲಿ ಸಾರ್?" ಟೈಲರ್ ಫೋಟೊ ತಿರುಗಿಸಿ ಮುರುಗಿಸಿ ನೋಡಿದ.

"ಅದಾ... ಪ್ರವಾಹದಲ್ಲಿ ಕೊಚ್ಚಿಹೋಯ್ತು."

"ಹಂಸ?"

"ಸೇತುವೇನೇ ಹೋದ್ಮೇಲೆ ಅವಕ್ಕೇನು ಕೆಲಸ ಇಲ್ಲಿ? ಹಾರಿಹೋದವು."

"ಅಲ್ರೀ, ಪರದೇಲಿ ನೀರು ಎಡಗಡೆ ಬೀಳ್ತಿತ್ತಲ್ಲ?" ಓನರಮ್ಮ ಬಿಡಲಿಲ್ಲ.

"ಇಪ್ಪತ್ತೆರಡು ವರ್ಷಕ್ಕೆ ಬಂಡೆ ಸವೆಯಲ್ವಾ ಅಮ್ಮ?"

ಇನ್ನು ತಡೆಯಲಾರದೆ ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದ. "ನಿನಗೊಂದು ವಿಷಯ ಹೇಳ್ಬೇಕು ಕಣೇ..."

ಅಷ್ಟರಲ್ಲಿ ಕಡಲೆಕಾಯಿ ಮಾರುವ ಮುದುಕಿ ಓಡಿಬಂದು ಹೆಂಡತಿಯ ಗಲ್ಲ ಹಿಡಿದಳು. "ಅಯ್ಯೋ, ಇಲ್ಲಿ ಗೇಟು ಕಾಯ್ತಿದ್ದವರ ತಂಗಿ ಮಗಳಲ್ವೇನೇ ನೀನು? ರಜೆ ಬಂತು ಅಂದ್ರೆ ಈ ಬಂಡೆ ಬಿಟ್ಟು ಇಳೀತಿರ್ಲಿಲ್ಲ!" ಕೈತುಂಬ ಕಡಲೆಕಾಯಿ ಸುರಿದು ಹೋದಳು.

ಅವನು ಮುದುಕಿ ಹೋದ ದಾರಿ ನೋಡಿ ಹೆಂಡತಿಯತ್ತ ತಿರುಗಿದ. "ಅಂದ್ರೆ... ಮೊದಲನೇ ದಿನಾನೇ ಗೊತ್ತಿತ್ತಾ?"

"ಹೂಂ ರೀ. ನನ್ನ ಮೆಚ್ಚಿಸೋಕೆ ಅಂತ ಅದುವರೆಗೂ ಯಾರೂ ಅಷ್ಟು ದೊಡ್ಡ ಸುಳ್ಳು ಹೇಳಿರ್ಲಿಲ್ಲ. ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಅವನ ಕಣ್ಣು ತುಂಬಿಬಂತು. "ನಿನ್ನಾಣೆ, ಇನ್ಮೇಲೆ ಒಂದೂ ಸುಳ್ಳು ಹೇಳಲ್ಲ."

"ಇಲ್ಲಿದ್ದಾರೆ ನೋಡಿ!" ಟೈಲರನ ಕೂಗು. ಅವನ ಹಿಂದೆ ಇಪ್ಪತ್ತು ಮೂವತ್ತು ಜನ ಅಪರಿಚಿತರು. ಮದುವೆ ಫೋಟೊ ಕೈಯಿಂದ ಕೈಗೆ ದಾಟುತ್ತಿತ್ತು. "ಕೊಚ್ಚಿಹೋದ ಸೇತುವೇನ ಕಣ್ಣಾರೆ ಕಂಡೋರು ಇವರೇ! ಹೇಳಿ ಸಾರ್, ಎಲ್ಲಿತ್ತು?"

ಅವನು ದಿಕ್ಕುತೋಚದೆ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ತನ್ನ ಹಳೇ ಬಂಡೆಯೇರಿ ಕಾಲು ಇಳಿಬಿಟ್ಟು ಕೂತಿದ್ದಳು.

"ಹೇಳ್ರೀ, ನಾನೂ ಕೇಳ್ತೀನಿ" ಎಂದಳು ಕಡಲೆಕಾಯಿ ಸುಲಿಯುತ್ತ. "ಹಂಸದ್ದೂ ಬಿಡಬೇಡಿ ಮತ್ತೆ."