ಸಮಿತಿಯ ಗೈರುಹಾಜರಿಯಲ್ಲಿ ಕುಡಿದ ಹಾಲು

ಮಗುವಿಗೆ ಹಾಲೂಡಿಸಲು ತಾಯಂದಿರು ಪಡುವ ಕಷ್ಟವನ್ನು ಒಂದೇ ಇಲಾಖೆ ನಿವಾರಿಸುವುದು ನ್ಯಾಯವಲ್ಲವೆಂದು ತೀರ್ಮಾನವಾಗಿ, ೧೯೯೩ರಲ್ಲಿ ಸೂಲಿಬೆಲೆ ಹತ್ತಿರದ ಒಂದೂರಿನಲ್ಲಿ ಬಹುಶಿಸ್ತೀಯ ಸ್ತನ್ಯಪಾನ ನೆರವು ಸಮಿತಿ ಅಸ್ತಿತ್ವಕ್ಕೆ ಬಂತು. ವಿಷಯ ಹಾಲಿನದಾದ್ದರಿಂದ ಡೇರಿ ಕಾರ್ಯದರ್ಶಿ ಪಿಳ್ಳಪ್ಪನವರೂ ದನದ ಡಾಕ್ಟರೂ ಸದಸ್ಯರಾದರು. ಕಷ್ಟವು ಕಂದಾಯ ಗ್ರಾಮದಲ್ಲಿ ಸಂಭವಿಸುವುದರಿಂದ ರೆವಿನ್ಯೂ ಇನ್ಸ್‌ಪೆಕ್ಟರ್ ಆದಿನಾರಾಯಣಪ್ಪನವರು ಅಧ್ಯಕ್ಷರಾದರು. ಏಕೈಕ ಮಹಿಳಾ ಸದಸ್ಯೆ ನರ್ಸಮ್ಮನವರಿಗೆ ಉಪ್ಪಿಟ್ಟಿನ ಉಸ್ತುವಾರಿ ವಹಿಸಲಾಯಿತು.

ಮೊದಲ ಫಲಾನುಭವಿ ವಾಣಿ, ಚೊಚ್ಚಲ ಬಾಣಂತಿ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಮಗು ಚೈತ್ರ ಬಾಯಿಟ್ಟು, ಬಿಟ್ಟು, ಅಳುತ್ತಿತ್ತು. ಕೂಸು ದಿನದಿನಕ್ಕೆ ಸೊರಗುವುದನ್ನು ನೋಡಲಾರದೆ, ಕಿವಿಗೆ ಹತ್ತಿ ಇಟ್ಟುಕೊಂಡು, ಅತ್ತೆ ನಾಗಲಕ್ಷ್ಮಮ್ಮನ ಜೊತೆ ಬಂದು ಸಮಿತಿಯ ಮುಂದೆ ಕೂತಳು.

"ಹಿಂಡಿ, ಬೂಸಾ ಸರಿಯಾಗಿ ಕೊಡ್ತಿದೀರಾ?" ದನದ ಡಾಕ್ಟರು ಅಭ್ಯಾಸಬಲದಿಂದ ಕೇಳಿದರು.

"ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಕೊಡ್ತಿದೀನಿ ಸ್ವಾಮಿ," ಎಂದರು ನಾಗಲಕ್ಷ್ಮಮ್ಮ, ಅಷ್ಟೇ ಗಂಭೀರವಾಗಿ.

ಪಿಳ್ಳಪ್ಪನವರು ಲ್ಯಾಕ್ಟೋಮೀಟರ್ ಒರೆಸಿದರು. "ಸ್ಯಾಂಪಲ್ ಇಲ್ದೆ ಡಿಗ್ರಿ ಹೆಂಗಮ್ಮಾ ಹೇಳೋದು? ಬೆಳಿಗ್ಗೆ ಡೇರಿ ಬಾಗಿಲು ಹಾಕೋದ್ರೊಳಗೆ ತರ್ಬೇಕು."

ವಾಣಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ಜನ ಗಂಡಸರೆದುರು ಯಾವ ತಾಯಿಗೆ ಹಾಲಿಳಿದೀತು? ಆ ಪ್ರಶ್ನೆ ಕಾರ್ಯಸೂಚಿಯಲ್ಲಿರಲಿಲ್ಲ. ಮಗುವಿನ ಅಳುವಿನಿಂದ ಸಭೆಗೆ ಅಡಚಣೆಯಾಗುತ್ತಿರುವುದಕ್ಕೆ ಅಧ್ಯಕ್ಷರು ವಿಷಾದ ಸೂಚಿಸುವಷ್ಟರಲ್ಲಿ ಉಪ್ಪಿಟ್ಟು ಬಂತು. ಸಮಿತಿ ಸರ್ವಾನುಮತದಿಂದ ವರಾಂಡಕ್ಕೆ ನಡೆಯಿತು.

ಅತ್ತೆ ಬಾಗಿಲು ಎಳೆದುಕೊಂಡರು. ಕೋಣೆ ಶಾಂತವಾಯಿತು. ವಾಣಿ ಗೋಡೆಗೊರಗಿ, ನಿಡಿದಾಗಿ ಉಸಿರು ಬಿಟ್ಟು, ಕೂಸನ್ನು ಅವುಚಿಕೊಂಡಳು. ಚೈತ್ರ ಗುಟುಕು ಗುಟುಕಾಗಿ ಕುಡಿಯತೊಡಗಿತು. ವಾಣಿಗೆ ಹೋದ ಜೀವ ಬಂದಂತಾಯಿತು.

ಕೈ ಒರೆಸಿಕೊಳ್ಳುತ್ತಾ ಬಂದ ಆದಿನಾರಾಯಣಪ್ಪನವರ ಮುಖ ಕಪ್ಪಿಟ್ಟಿತು. "ಯಾರನ್ನ ಕೇಳಿ ಕುಡಿಸ್ದೆ ಕಣಮ್ಮಾ? ಕೋರಂ ಇಲ್ದೆ ಕುಡಿದದ್ದು ಊರ್ಜಿತ ಆಗಲ್ಲ."

"ಹೊಟ್ಟೆ ತುಂಬ ಕುಡೀತು ಸಾರ್..."

"ಹೊಟ್ಟೆಗೆ ಕುಡಿದಿರ್ಬೋದು. ಫೈಲಿಗೆ ಕುಡಿದಿಲ್ಲ."

ಸಮಿತಿಯು ಸ್ಥಿರೀಕರಿಸುವವರೆಗೆ ಸದರಿ ಮಗುವನ್ನು ಹಸಿದದ್ದೆಂದೇ ಪರಿಗಣಿಸತಕ್ಕದ್ದು, ಪ್ರತಿ ಸಭೆಗೂ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಜನನ ಪ್ರಮಾಣಪತ್ರ ಕೊಡತಕ್ಕದ್ದಲ್ಲ ಎಂದು ನಿರ್ಣಯವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅತ್ತೆ ಗೊಣಗಿದರು. ಆಮೇಲಿನ ಸಭೆಗಳಲ್ಲಿ ದನದ ಡಾಕ್ಟರು ಬಂದರೆ ಪಿಳ್ಳಪ್ಪನವರಿಲ್ಲ, ಪಿಳ್ಳಪ್ಪನವರು ಬಂದರೆ ಅಧ್ಯಕ್ಷರಿಲ್ಲ. ಉಪ್ಪಿಟ್ಟು ಮಾತ್ರ ಒಮ್ಮೆಯೂ ಗೈರಾಗಲಿಲ್ಲ.

ಚೈತ್ರಳಿಗೀಗ ನಾಲ್ಕು ವರ್ಷ, ಮುದ್ದೆ ನುಂಗುತ್ತಾಳೆ. ತಿಂಗಳಿಗೊಮ್ಮೆ ಅಮ್ಮನ ಕೈಹಿಡಿದು ಸಭೆಗೆ ಬಂದು ಸದಸ್ಯರ ಜೊತೆ ಕೂತು ಉಪ್ಪಿಟ್ಟು ತಿನ್ನುತ್ತಾಳೆ. ಹಾಜರಿ ಕರೆಯುವಾಗ "ಹಸಿದ ಮಗು?" ಎಂದು ಕೂಗಿದೊಡನೆ ತಟ್ಟೆ ಕೆಳಗಿಟ್ಟು, ಯಾರೂ ಹೇಳಿಕೊಡದೆಯೇ, ಒಮ್ಮೆ ಅಳುತ್ತಾಳೆ. ಅಳು ದಾಖಲಾದ ಮೇಲೆ ವಾಣಿ ಅವಳ ಮೂಗು ಒರೆಸಿ ತಟ್ಟೆಯನ್ನು ಮತ್ತೆ ಕೈಗಿಡುತ್ತಾಳೆ.